ಒಂಬತ್ತನೆಯ ಪ್ರಶ್ನೆ

ವಿಮಾ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದವಳು ನಾನು. ಅದರಲ್ಲಿ ಕೊನೆಯ ಹದಿನಾಲ್ಕು ವರ್ಷ ಕಳೆದದ್ದು ಮರಣದ ಕ್ಲೇಮುಗಳ ಮೇಜಿನಲ್ಲಿ. ಗಂಡ ಹೋಗಿ ತಿಂಗಳೂ ತುಂಬದ ಹೆಂಗಸರು ಎದುರಿಗೆ ಬಂದು ಕೂರುತ್ತಿದ್ದರು. ಯಾವಾಗ, ಎಲ್ಲಿ, ಹೇಗೆ ಎಂದು ಕೇಳಲೇಬೇಕು. ಫಾರಮ್ಮಿನಿಂದ ತಲೆ ಎತ್ತದೆ ಒಂದೇ ಉಸಿರಿಗೆ ಕೇಳಿ ಮುಗಿಸುವುದನ್ನು ಅಲ್ಲಿ ಕಲಿತೆ. ಹಾಗೆ ಕೇಳಿದರೆ ಅವರಿಗೆ ಕಡಿಮೆ ನೋವಾಗುತ್ತದೆ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಕಡಿಮೆ ನೋವಾಗುತ್ತಿದ್ದದ್ದು ನನಗೆ.

ನಿವೃತ್ತಿಯಾದ ಮೇಲೆ ಇಂದಿರಾನಗರದ ಪಕ್ಕದ ನಮ್ಮ ಕಾಲೋನಿಯಲ್ಲಿ ಟೀವಿ ನೋಡುತ್ತಾ ಕೂರುವ ಜಾಯಮಾನ ನನ್ನದಲ್ಲ. ಬೆನ್ಸನ್ ಟೌನಿನ ಹಳೆಯ ಬಂಗಲೆಯೊಂದರಲ್ಲಿ ಹೊಸ ಬಗೆಯ ಮಾತಿನ ಚಿಕಿತ್ಸೆಯನ್ನು ಪರೀಕ್ಷೆ ಮಾಡುತ್ತಿದ್ದಾರೆ, ಕನ್ನಡದಲ್ಲಿ ಚೆನ್ನಾಗಿ ಮಾತಾಡುವ ಹಿರಿಯ ಹೆಂಗಸರು ಬೇಕಂತೆ ಎಂದು ತಿಳಿದು ಹೋಗಿ ಸೇರಿಕೊಂಡೆ. ಆತಂಕ, ಖಿನ್ನತೆ ಇದ್ದವರ ಜೊತೆ ಕೂತು ಮಾತಾಡಲು ಡಾಕ್ಟರೇ ಆಗಬೇಕೆ, ತರಬೇತಿ ಕೊಟ್ಟರೆ ನನ್ನಂಥವಳಿಂದಲೂ ಆದೀತೆ? ಅವರು ನೋಡಹೊರಟಿದ್ದು ಅದನ್ನು. ಬಂದವರಲ್ಲಿ ಅರ್ಧ ಮಂದಿಗೆ ಮಾಮೂಲಿ ಔಷಧ, ಉಳಿದರ್ಧ ಮಂದಿಗೆ ಔಷಧದ ಜೊತೆ ನಾವು. ಯಾರು ಯಾವ ಕಡೆ ಎನ್ನುವುದನ್ನು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಆರಿಸುತ್ತಿತ್ತು.

ಚಿಕಿತ್ಸೆ ಆರು ವಾರದ್ದು. ಮನಸ್ಸು ಕುಗ್ಗಿದವರು ಒಂದೊಂದೇ ಕೆಲಸ ಕೈಬಿಡುತ್ತಾರೆ, ಕೈಬಿಟ್ಟಷ್ಟೂ ಇನ್ನಷ್ಟು ಕುಗ್ಗುತ್ತಾರೆ. ಅದಕ್ಕೆ ವಾರವಾರವೂ ಸಣ್ಣ ಸಣ್ಣ ಕೆಲಸಗಳನ್ನು ಅವರೇ ಆರಿಸಿ, ಮಾಡಿ, ಹಾಳೆಯಲ್ಲಿ ಬರೆದು ತರಬೇಕು. ಅದರ ಬಗ್ಗೆ ನಾವು ಮಾತಾಡಬೇಕು. ಪ್ರತಿ ಸಲವೂ ಮೊದಲು ಒಂಬತ್ತು ಪ್ರಶ್ನೆ. ನಿದ್ದೆ, ಊಟ, ಸುಸ್ತು, ಹೀಗೆ. ಉತ್ತರಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ. ಒಟ್ಟು ಅಂಕ ಇಳಿದರೆ ಕಾಯಿಲೆ ಇಳಿಯಿತು ಎಂದು ಲೆಕ್ಕ. ಮಾತೆಲ್ಲ ಅವರ ಒಪ್ಪಿಗೆ ಪಡೆದು ರೆಕಾರ್ಡ್ ಆಗುತ್ತಿತ್ತು.

ಒಂಬತ್ತನೆಯ ಪ್ರಶ್ನೆ ಸಾವಿನದು. ಸತ್ತುಹೋಗಿದ್ದರೆ ಚೆನ್ನಾಗಿತ್ತು ಅನಿಸಿದೆಯೇ, ಏನಾದರೂ ಮಾಡಿಕೊಳ್ಳಬೇಕು ಅನಿಸಿದೆಯೇ ಎಂದು ನೇರವಾಗಿ ಕೇಳಬೇಕು. ನಮ್ಮ ಮನೆಯಲ್ಲಿ ಆ ಪದ ಯಾರ ಬಾಯಿಂದ ಬಂದರೂ ಅಮ್ಮ ಅಡುಗೆಮನೆಯಿಂದಲೇ “ಬಿಡ್ತು ಅನ್ನು!” ಎಂದು ಗದರುತ್ತಿದ್ದಳು. ಮೇಲೆ ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ಕೆಟ್ಟ ಮಾತು ಕಿವಿಗೆ ಬಿದ್ದರೆ ಅಸ್ತು ಅಂದುಬಿಡುತ್ತಾರೆ ಎಂಬ ಭಯ. ಬಿಡ್ತು ಅಂದರೆ ಆಡಿದ ಮಾತು ತಗಲದೆ ಬಿಟ್ಟುಹೋಗುತ್ತದೆ. ತರಬೇತಿಯಲ್ಲಿ ನೂರು ಸಲ ಹೇಳಿಕೊಟ್ಟಿದ್ದರೂ ನನ್ನ ನಾಲಿಗೆ ಅಮ್ಮನದೇ ಆಗಿತ್ತು.

“ಇದೊಂದು ಕೇಳ್ಲೇಬೇಕು ಕಣ್ರೀ, ಬೇಜಾರ್ ಮಾಡ್ಕೋಬೇಡಿ. ಸಾಯ್ಬೇಕು ಗೀಯ್ಬೇಕು ಅಂತೆಲ್ಲ ಏನಾದ್ರೂ... ಬಿಡ್ತು ಅನ್ನಿ.”

“ಬಿಡ್ತು,” ಅನ್ನುತ್ತಿದ್ದರು. ನಾನು ಸೊನ್ನೆ ಹಾಕುತ್ತಿದ್ದೆ. ಎದುರಿಗಿದ್ದವರಿಗೂ ನನಗೂ ಉಸಿರು ಸರಾಗವಾಗುತ್ತಿತ್ತು.

ಆ ಹೆಂಗಸು ಬಂದದ್ದು ಬೇಸಿಗೆ ಶುರುವಾದಾಗ. ನಲವತ್ತರ ಆಸುಪಾಸು. ಹಾವೇರಿ ಕಡೆಯವರು. ಗಂಡನಿಗೆ ಆಫೀಸು ಕೆಲಸ, ಮನೆ ಕೆ.ಆರ್. ಪುರದಲ್ಲಿ, ಒಬ್ಬಳೇ ಮಗಳು, ಎಂಟನೇ ಕ್ಲಾಸು. ಮೊದಲ ವಾರ ಸೆರಗಿನ ತುದಿಯನ್ನು ಹಿಂಡುತ್ತಾ ಕೂತಿದ್ದರೇ ಹೊರತು ನಾಲ್ಕು ಮಾತು ಆಡಲಿಲ್ಲ. ಎರಡನೆಯ ವಾರ, ಊಟ ಸೇರುವುದಿಲ್ಲ ಅಂದರು. ನನಗೆ ತಡೆಯಲಾಗಲಿಲ್ಲ. ನನ್ನ ಮಧ್ಯಾಹ್ನದ ಚಿತ್ರಾನ್ನವನ್ನು ಸ್ಟೀಲ್ ಡಬ್ಬಿ ಸಮೇತ ಕೊಟ್ಟು ಕಳಿಸಿದೆ. ನಿಯಮದ ಪ್ರಕಾರ ಅದು ತಪ್ಪು. ಹಸಿದವರ ಮುಂದೆ ನಿಯಮ ಓದುವವಳು ನಾನಲ್ಲ ಎಂದು ನನ್ನಷ್ಟಕ್ಕೇ ಬೀಗಿದೆ.

ಮೂರನೆಯ ವಾರದಿಂದ ಅವರು ಬದಲಾದರು. ಹಾಳೆ ತುಂಬ ಕೆಲಸ ಬರೆದು ತಂದಿದ್ದರು. ವರ್ಷದಿಂದ ಅಟ್ಟದ ಮೇಲಿದ್ದ ಪಕ್ಕದ ಮನೆಯ ಇಡ್ಲಿ ಪಾತ್ರೆ ವಾಪಸ್ ಕೊಟ್ಟದ್ದು. ಮಾತು ಬಿಟ್ಟಿದ್ದ ಓರಗಿತ್ತಿಗೆ ಫೋನ್ ಮಾಡಿದ್ದು. ನಾಲ್ಕನೆಯ ವಾರ ಟ್ರಂಕು ತೆಗೆದು, ರೇಷ್ಮೆ ಸೀರೆಗಳನ್ನು ನಾದಿನಿಯರಿಗೆ ಅರಿಶಿನ ಕುಂಕುಮ ಇಟ್ಟು ಕೊಟ್ಟಿದ್ದರು. ಐದನೆಯ ವಾರ ಮಗಳಿಗೆ ಸಾರು ಮಾಡಲು ಕಲಿಸಿದ್ದರು, ಗ್ಯಾಸ್ ಬುಕ್ ಮಾಡುವುದನ್ನು ತೋರಿಸಿಕೊಟ್ಟಿದ್ದರು. ಬೇಕಾದವರ ನಂಬರುಗಳನ್ನೆಲ್ಲ ಬರೆದು ಫ್ರಿಜ್ಜಿಗೆ ಅಂಟಿಸಿದ್ದರು. ಕಮರ್ಷಿಯಲ್ ಸ್ಟ್ರೀಟಿಗೆ ಹೋಗಿ ಮಗಳಿಗೆ ನಾಲ್ಕು ಡ್ರೆಸ್ ತಂದಿದ್ದರು.

“ನಾಲ್ಕೂ ಒಂದ್ ಸೈಜ್ ದೊಡ್ಡವು ತಂದೇನ್ರಿ ಅಕ್ಕಾರ. ಬೆಳೀತಾಳಲ್ಲ, ಮುಂದ ಬೇಕಾಗ್ತಾವ.”

“ಜಾಣೆ ಕಣ್ರೀ ನೀವು,” ಅಂದೆ.

“ಮನಸ ಭಾಳ ಹಗುರ ಆಗೇದ್ರಿ.”

ಮುಖ ತೊಳೆದಿಟ್ಟ ಹಾಗಿತ್ತು. ನಿದ್ದೆ ಬರುತ್ತಿದೆ ಅಂದರು, ಅಳು ನಿಂತಿದೆ ಅಂದರು. ಅಂಕ ಇಳಿಯುತ್ತಲೇ ಹೋಯಿತು. ಒಂಬತ್ತನೆಯದಕ್ಕೆ ನಾನು ಬಿಡ್ತು ಅನ್ನಿ ಅಂದೆ, ಅವರು ಅಂದರು. ಮನೆಗೆ ಬರುವ ದಾರಿಯಲ್ಲಿ ಆಟೋದವನ ಜೊತೆಗೂ ಅವತ್ತು ನಗುನಗುತ್ತಾ ಮಾತಾಡಿದ ನೆನಪು. ನನ್ನಿಂದ ಒಂದು ಜೀವ ಎದ್ದು ನಿಂತಿತು ಎಂಬ ಹೆಮ್ಮೆ ನನಗೆ.

ಆರನೆಯ ವಾರ, ಅಂದರೆ ಕೊನೆಯ ಸಲ, ನನ್ನ ಡಬ್ಬಿ ತಂದುಕೊಟ್ಟರು. ಖಾಲಿ ಡಬ್ಬಿ ಕೊಡಬಾರದು ಎಂದು ಕಂಠದವರೆಗೆ ಸಕ್ಕರೆ ತುಂಬಿಸಿದ್ದರು.

“ಯಾರದೂ ಏನೂ ನನ್ನ ಹತ್ರ ಉಳೀಬಾರದ್ರಿ ಅಕ್ಕಾರ.”

“ಉಳಿಸ್ಕೊಂಡಿದ್ರೆ ನಾನೇನ್ ಪೊಲೀಸ್ ಕರೀತಿದ್ನಾ?” ಎಂದು ತಮಾಷೆ ಮಾಡಿದೆ. ಅವರೂ ನಕ್ಕರು. ಹೋಗುವಾಗ ಬಗ್ಗಿ ನನ್ನ ಕಾಲು ಮುಟ್ಟಿದರು. ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಗೇಟು ದಾಟಿದ್ದರು.

ಎರಡು ದಿನ ಕಳೆದು ಶುಕ್ರವಾರದ ಮೀಟಿಂಗು. ನಮ್ಮ ಕೆಲಸ ನೋಡಿಕೊಳ್ಳುವ ಡಾಕ್ಟರ್ ನನ್ನ ಮಗಳ ವಯಸ್ಸಿನ ಹುಡುಗಿ. ಅವಳು ನನ್ನನ್ನು ತಿದ್ದಿದಾಗಲೆಲ್ಲ ನನಗೆ ಉರಿಯುತ್ತಿತ್ತು. ಅವತ್ತು ಮಾತ್ರ ಆ ಹೆಂಗಸಿನ ಜೊತೆಗಿನ ನನ್ನ ರೆಕಾರ್ಡಿಂಗನ್ನೇ ಹೊಸದಾಗಿ ಸೇರಿದವರಿಗೆ ಮಾದರಿ ಎಂದು ಹಾಕಿದ್ದಳು. ನಾನು ಕಾಫಿ ಲೋಟ ಹಿಡಿದು ಕಾಲ ಮೇಲೆ ಕಾಲು ಹಾಕಿ ಕೂತೆ. ನನ್ನ ದನಿ ಒಂದೊಂದೇ ಪ್ರಶ್ನೆ ಕೇಳುತ್ತಾ ಬಂತು. ಒಂಬತ್ತನೆಯದಕ್ಕೆ ಬಂದಾಗ ಆ ದನಿ ಓಡತೊಡಗಿತು. ಬಿಡ್ತು ಅನ್ನಿ. ಆಮೇಲೆ ಫ್ಯಾನಿನ ಸದ್ದಷ್ಟೇ. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವಷ್ಟು ಹೊತ್ತು ಬರೀ ಫ್ಯಾನಿನ ಸದ್ದು. ಕೊನೆಗೆ ಸಣ್ಣದಾಗಿ, “ಬಿಡ್ತು.”

ರೂಮಿನಲ್ಲಿ ಕೂತಿದ್ದಾಗ ಆ ಮೌನ ನನಗೆ ಕೇಳಿಸಿಯೇ ಇರಲಿಲ್ಲ. ಸೊನ್ನೆ ಬರೆಯುತ್ತಿದ್ದೆನಲ್ಲ.

ಡಾಕ್ಟರ್ ಅದನ್ನು ನಿಲ್ಲಿಸಿದಳು. “ಮೇಡಂ, ಅವ್ರು ಉತ್ತರ ಕೊಡ್ಲಿಲ್ಲ. ನೀವು ಹೇಳಿಸ್ಬಿಟ್ರಿ.”

“ನಮ್ಮ ಜನರ ಹತ್ರ ಹಾಗೇ ಕೇಳ್ಬೇಕು ಡಾಕ್ಟ್ರೇ. ಇಲ್ದಿದ್ರೆ ಎದ್ದು ಹೋಗ್ಬಿಡ್ತಾರೆ,” ಎಂದು ದನಿ ಏರಿಸಿದೆ.

ಅವಳು ಜಗಳಕ್ಕೆ ಬರಲಿಲ್ಲ. “ಅವ್ರು ಏನೇನ್ ಕೆಲಸ ಮಾಡಿದ್ರೋ ಅದನ್ನ ಒಂದ್ಸಲ ಜೋರಾಗಿ ಓದ್ತೀರಾ, ಪ್ಲೀಸ್.”

ಫೈಲು ತೆಗೆದು ಓದಿದೆ. ಇಡ್ಲಿ ಪಾತ್ರೆ. ಓರಗಿತ್ತಿಗೆ ಫೋನು. ಸೀರೆ. ಸಾರು, ಗ್ಯಾಸು, ಫ್ರಿಜ್ಜಿನ ಮೇಲಿನ ನಂಬರು. ಒಂದು ಸೈಜು ದೊಡ್ಡ ಡ್ರೆಸ್ಸು ಅನ್ನುವ ಹೊತ್ತಿಗೆ ನನ್ನ ದನಿ ನಿಂತುಹೋಯಿತು. ಈ ಪಟ್ಟಿಯನ್ನು ನಾನು ಬಲ್ಲೆ. ಹದಿನಾಲ್ಕು ವರ್ಷ, ತಾವೇ ಜೀವ ಕಳೆದುಕೊಂಡವರ ಕ್ಲೇಮು ಫೈಲುಗಳಲ್ಲಿ ಇದನ್ನೇ ಓದಿದ್ದೇನೆ. ಹಿಂದಿನ ವಾರ ಎಲ್ಲ ಅಚ್ಚುಕಟ್ಟು ಮಾಡಿಟ್ಟಿದ್ದರು, ಎಲ್ಲರ ಜೊತೆ ಚೆನ್ನಾಗಿ ಮಾತಾಡಿದ್ದರು, ಯಾಕೆ ಹೀಗಾಯಿತೋ ಗೊತ್ತಿಲ್ಲ ಎಂದು ಮನೆಯವರು ಬರೆದುಕೊಟ್ಟ ಹೇಳಿಕೆಗಳು. ಅವುಗಳ ಮೇಲೆ ಸೀಲು ಒತ್ತಿದ ಕೈ ಇದು. ಬದುಕಿರುವವರು ಅದೇ ಪಟ್ಟಿಯನ್ನು ತಂದು ಕೈಗಿಟ್ಟರೆ ಜಾಣೆ ಕಣ್ರೀ ಅಂದಿದ್ದೆ.

ಫೋನು ಸ್ವಿಚ್ ಆಫ್. ಗಂಡನ ನಂಬರು ರಿಂಗಾಗಿ ರಿಂಗಾಗಿ ನಿಂತಿತು. ಡಾಕ್ಟರ್ ಕ್ಯಾಬ್ ಕರೆಸಿದಳು. ಹಲಸೂರಿನ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದೆವು. ಹಳೇ ಮದ್ರಾಸ್ ರಸ್ತೆಯ ಉದ್ದಕ್ಕೂ ಮೇಲೆ ಮೆಟ್ರೋ ಸರಾಗವಾಗಿ ಹೋಗುತ್ತಿತ್ತು. ಅದನ್ನೇ ಹತ್ತಬೇಕಿತ್ತು ಎಂದು ಡ್ರೈವರನ ಮೇಲೆ ರೇಗಿದೆ, ಪಾಪ. ಬಾಯಿಗೆ ಬಂದದ್ದು ಒಂದೇ ಮಾತು. ಬಿಡ್ತು, ಬಿಡ್ತು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಬೆಲ್ ಒತ್ತಿ ಕಾದೆವು. ಇನ್ನೊಮ್ಮೆ ಒತ್ತಿದೆವು. ಬಾಗಿಲು ತೆರೆಯಿತು. ಅವರೇ.

“ಅಯ್ಯ ಅಕ್ಕಾರ, ನೀವಾ! ಬರ್ರಿ ಒಳಗ.”

ಮನೆ ಹಬ್ಬದ ಮಾರನೆಯ ದಿನದಷ್ಟು ಚೊಕ್ಕಟವಾಗಿತ್ತು. ಟೀಪಾಯಿಯ ಮೇಲೆ ಮಗಳ ಡ್ರೆಸ್ಸುಗಳು ಮಡಿಸಿಟ್ಟ ಹಾಗೇ ಇದ್ದವು. ಅವರು ನೀರು ತರಲು ತಿರುಗಿದರು. ನಾನು ಕೈ ಹಿಡಿದು ನಿಲ್ಲಿಸಿದೆ. ಫಾರಮ್ಮು ಇರಲಿಲ್ಲ, ಪೆನ್ನು ಇರಲಿಲ್ಲ. ಅವರ ಕಣ್ಣನ್ನೇ ನೋಡಬೇಕಾಯಿತು.

“ಸಾಯ್ಬೇಕು ಅಂತ ಅನ್ಕೊಂಡಿದ್ದೀರಾ?”

ಅವರು ಡಾಕ್ಟರನ್ನು ನೋಡಿದರು, ಫ್ರಿಜ್ಜಿನ ಕಡೆ ನೋಡಿದರು. ನನ್ನ ನಾಲಿಗೆ ಬಿಡ್ತು ಅನ್ನಿ ಎನ್ನಲು ತವಕಿಸುತ್ತಿತ್ತು. ಹಲ್ಲು ಕಚ್ಚಿ ತಡೆದೆ.

“ಹೂಂರಿ ಅಕ್ಕಾರ,” ಅಂದರು. “ಈ ರವಿವಾರ ಅಂತ ಮಾಡಿದ್ದೆ. ಅವತ್ತ ಇವರು ಮಗಳನ್ನ ಕರಕೊಂಡು ಊರಿಗೆ ಹೊಂಟಾರ.” ದೂರುವ ದನಿಯಲ್ಲೇನೂ ಅಲ್ಲ, ಹೇಳಿದರು, “ನೀವು ವಾರಾ ವಾರಾ ಕೇಳ್ತಿದ್ರಿ. ನಾ ಹೇಳೂದ್ರಾಗ ಮುಗಿಸಿಬಿಡ್ತಿದ್ರಿ.”

ಅವತ್ತೇ ಸಂಜೆಯೊಳಗೆ ಅವರನ್ನು ಆಸ್ಪತ್ರೆಗೆ ಸೇರಿಸಿದೆವು. ಗಂಡ ಆಫೀಸಿನಿಂದ ನೇರ ಬಂದು, ಏನಾಯಿತೆಂದು ಅರ್ಥವಾಗದೆ, ಹೆಂಡತಿಯ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಆ ಹೆಂಗಸು ಈಗ ಇದ್ದಾರೆ, ಚಿಕಿತ್ಸೆಯಲ್ಲಿದ್ದಾರೆ. ಇದನ್ನು ಬರೆಯಿರಿ ಎಂದವರೂ ಅವರೇ.

ಮಾರನೆಯ ಬೆಳಿಗ್ಗೆ ಬಂಗಲೆಗೆ ಎಲ್ಲರಿಗಿಂತ ಮೊದಲು ಹೋದೆ. ನನ್ನ ಕಪಾಟಿನಲ್ಲಿ ಇನ್ನೂ ಹನ್ನೊಂದು ಮಂದಿಯ ಫೈಲುಗಳಿದ್ದವು. ಒಂದೊಂದನ್ನೇ ತೆರೆದು ಮೇಜಿನ ಮೇಲೆ ಹರಡಿದೆ. ಒಂಬತ್ತನೆಯ ಪ್ರಶ್ನೆಯ ಮುಂದೆ, ಎಲ್ಲರದಕ್ಕೂ, ಎಲ್ಲ ವಾರವೂ, ನನ್ನದೇ ದುಂಡಗಿನ ಕೈಬರಹದ ಸೊನ್ನೆ.

ಫೋನು ಎತ್ತಿಕೊಂಡು ಮೇಲಿನಿಂದ ಶುರು ಮಾಡಿದೆ. ಮೊದಲ ಮೂವರು ಇಲ್ಲ ಅಂದರು, ನಿಧಾನವಾಗಿ, ಯೋಚಿಸಿ. ನಾಲ್ಕನೆಯವರು ಶಿವಾಜಿನಗರದ ಒಬ್ಬ ಅಜ್ಜಿ, ಯಾವಾಗಲೂ ನನ್ನನ್ನು ನಗಿಸುತ್ತಿದ್ದವರು. ಪ್ರಶ್ನೆ ಕೇಳಿದೆ. ಅತ್ತ ಕಡೆ ಮಾತು ನಿಂತಿತು. ಈ ಸಲ ನಾನೂ ಸುಮ್ಮನೆ ಕಾದೆ.