ಬಾಣಂತಿ ಕೋಣೆಯ ಮೇಲಿನ ಗುಂಡು

ನಮ್ಮೂರ ಜನಕ್ಕೆ ತಮ್ಮ ಕಾಲ ಕೆಳಗಿನ ನೆಲದ ಬಗ್ಗೆ ತಿಳಿದಿದ್ದ ವಿಷಯ ಒಂದೇ: ಅದು ಯಾರ ಹೆಸರಿನಲ್ಲಿದೆ ಎನ್ನುವುದು. ಅದು ಏತರಿಂದ ಆಯಿತು, ಎಲ್ಲಿಂದ ಬಂತು, ಎತ್ತ ಹೊರಟಿದೆ ಎಂದು ಯಾರಾದರೂ ಕೇಳಿದರೆ, ಕೇಳಿದವರ ತಲೆ ನೆಟ್ಟಗಿದೆಯೇ ಎಂದು ನೋಡುತ್ತಿದ್ದರು. ಎಪ್ಪತ್ತರ ದಶಕದಲ್ಲಿ ನಾನು ಬಳ್ಳಾರಿಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದೆ. ಹಾಗಾಗಿ ಆ ನೋಟ ನನಗೆ ಊಟದಷ್ಟೇ ಮಾಮೂಲಾಗಿತ್ತು.

ಆಗಿನ ಪಠ್ಯಪುಸ್ತಕದ ಪ್ರಕಾರ ಭೂಮಿ ಒಂದು ಒಣಗುತ್ತಿರುವ ಹಣ್ಣು. ಒಳಗೆ ತಣ್ಣಗಾಗಿ ಕುಗ್ಗಿದ ಹಾಗೆಲ್ಲ ಮೇಲಿನ ಸಿಪ್ಪೆ ಸುಕ್ಕುಗಟ್ಟುತ್ತದಂತೆ, ಆ ಸುಕ್ಕೇ ಹಿಮಾಲಯವಂತೆ. ನಾನೂ ಕೆಲವು ವರ್ಷ ಅದನ್ನೇ ಗಿಳಿಪಾಠ ಒಪ್ಪಿಸಿದೆ. ಆಮೇಲೆ ಒಂದು ಬೇಸಿಗೆ ತರಬೇತಿಯಲ್ಲಿ ಹೊಸ ವಿಷಯ ಕಿವಿಗೆ ಬಿತ್ತು. ಭೂಮಿಯ ಮೇಲ್ಪದರ ದೊಡ್ಡ ದೊಡ್ಡ ಚಪ್ಪಡಿಗಳಾಗಿ ಒಡೆದಿದೆ, ಕೆಳಗಿನ ಬಿಸಿ ಬಂಡೆ ಬಹಳ ನಿಧಾನವಾಗಿ ಹರಿಯುತ್ತದೆ, ಅದರ ಮೇಲೆ ಈ ಚಪ್ಪಡಿಗಳು ಖಂಡಗಳನ್ನೂ ಸಮುದ್ರಗಳನ್ನೂ ಹೊತ್ತು ಸರಿಯುತ್ತವೆ. ನಮ್ಮ ದೇಶ ಒಂದು ಕಾಲಕ್ಕೆ ಆಫ್ರಿಕಾದ ಪಕ್ಕದಲ್ಲಿತ್ತು, ಅಲ್ಲಿಂದ ಕಿತ್ತುಕೊಂಡು ಉತ್ತರಕ್ಕೆ ಬಂದು ಏಷ್ಯಾಕ್ಕೆ ಗುದ್ದಿತು, ಗುದ್ದಿದ ಜಾಗ ಉಬ್ಬಿ ಹಿಮಾಲಯವಾಯಿತು. ಈಗಲೂ ಉಗುರು ಬೆಳೆಯುವಷ್ಟು ನಿಧಾನವಾಗಿ ತಳ್ಳುತ್ತಲೇ ಇದೆ. ಕೇಳಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಅಂಥ ಖುಷಿ ನನಗೆ ಬೇರೆ ಯಾವುದರಿಂದಲೂ ಆಗಿದ್ದಿಲ್ಲ.

ಶಾಲೆ ಶುರುವಾದ ಮೇಲೆ ಒಂದು ಬೋಗುಣಿಯಲ್ಲಿ ಗಟ್ಟಿ ಅಂಬಲಿ ಒಯ್ದು, ಅದರ ಮೇಲೆ ಕಡಕ್ ರೊಟ್ಟಿಯ ಚೂರುಗಳನ್ನಿಟ್ಟು, ಒಂದನ್ನು ಇನ್ನೊಂದಕ್ಕೆ ತಳ್ಳಿ ತೋರಿಸಿದೆ. ಅಂಚು ಮುರಿದು ಮೇಲೆದ್ದಾಗ ಹುಡುಗಿಯರು ಚಪ್ಪಾಳೆ ತಟ್ಟಿದರು. ಹೆಡ್‌ಮೇಡಂ ಬಾಗಿಲಲ್ಲಿ ನಿಂತಿದ್ದರು.

"ಇದೇನ್ರೀ ಇದು, ಕ್ಲಾಸೋ ಖಾನಾವಳಿಯೋ?"

"ಹಿಮಾಲಯ ಹೆಂಗ ಆತು ಅಂತ ತೋರಿಸಾಕತ್ತೀನ್ರಿ ಮೇಡಂ."

"ಪುಸ್ತಕದಾಗ ಸುಕ್ಕು ಅಂತ ಐತಿ. ಸುಕ್ಕು ಅಂತ ಬರದ್ರ ಮಾರ್ಕ್ಸು. ರೊಟ್ಟಿ ಅಂತ ಬರದ್ರ ಸೊನ್ನಿ."

ಎಂಬತ್ತರ ದಶಕದಲ್ಲಿ ಹೊಸ ಪುಸ್ತಕ ಬಂದು ಅದರಲ್ಲಿ ಸರಿಯುವ ಚಪ್ಪಡಿಗಳು ಅಚ್ಚಾದಾಗ, ಇದನ್ನು ತಾವು ಮೊದಲಿನಿಂದಲೂ ಹೇಳುತ್ತಿದ್ದುದಾಗಿ ಅದೇ ಹೆಡ್‌ಮೇಡಂ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡರು. ಖಂಡಗಳಿಗಿಂತ ಸಲೀಸಾಗಿ ಸರಿಯುವುದು ಇಂಥವರ ಮಾತು.

ಆದರೆ ನಾನು ಹೇಳಹೊರಟದ್ದು ಆ ರೊಟ್ಟಿ ಪಾಠದ ವರ್ಷವೇ ಬಂದ ನನ್ನ ತಂಗಿಯ ಸಂಬಂಧದ ವಿಷಯ. ನಮ್ಮ ಮನೆ ಕೋಟೆ ಗುಡ್ಡದ ಬುಡದಲ್ಲಿತ್ತು. ಹಿತ್ತಿಲು ಮುಗಿದಲ್ಲಿ ಗುಡ್ಡ ಶುರು. ಅಲ್ಲಿ, ಹಿಂದಿನ ಕೋಣೆಯ ನೇರಕ್ಕೆ, ಎರಡಾಳೆತ್ತರದ ಒಂದು ಗುಂಡುಕಲ್ಲು ಹಾಸುಬಂಡೆಯ ಮೇಲೆ ಕುಳಿತಿತ್ತು. ನೋಡಿದವರಿಗೆ ಈಗ ಉರುಳುತ್ತದೆ, ಇನ್ನೇನು ಉರುಳುತ್ತದೆ ಎನ್ನಿಸಬೇಕು. ಅವ್ವ ಅಮಾವಾಸ್ಯೆಗೊಮ್ಮೆ ಅದಕ್ಕೆ ಕುಂಕುಮ ಹಚ್ಚಿ ಬರುತ್ತಿದ್ದಳು. ಹಿಂದಿನ ಕೋಣೆ ನಮ್ಮ ಮನೆಯ ಬಾಣಂತಿ ಕೋಣೆ. ಅಪ್ಪ, ನನ್ನ ತಂಗಿ ಹುಟ್ಟಿದ್ದು ಅಲ್ಲೇ, ಅಪ್ಪನ ಅಕ್ಕ ಚೊಚ್ಚಲು ಹೆತ್ತದ್ದೂ ಅಲ್ಲೇ.

ನನ್ನ ಮದುವೆ ಆಗಿರಲಿಲ್ಲ. ನಾಲಿಗೆಯೇ ಕಾರಣವೆಂದು ಊರು ಹೇಳುತ್ತಿತ್ತು, ನಾನು ಅಲ್ಲಗಳೆದಿಲ್ಲ. ತಂಗಿಗೆ ಸಿರುಗುಪ್ಪದಿಂದ ಒಂದು ಸಂಬಂಧ ಬಂತು. ಭತ್ತದ ಗದ್ದೆ, ಹೊಸ ಮನೆ, ಬಿ.ಎಸ್ಸಿ. ಓದಿದ ಹುಡುಗ. ಹೆಣ್ಣು ನೋಡಲು ಬಂದ ದಿನ ಹುಡುಗ ತಂಗಿಯ ಹತ್ತಿರ ಏನೋ ಒಂದು ಮಾತಾಡಿ ಅವಳನ್ನು ನಗಿಸಿದ. ಆಮೇಲೆ ಒಂದು ವಾರ ಅವಳು ನೀರು ತುಂಬುವಾಗಲೂ ತನ್ನಷ್ಟಕ್ಕೆ ತಾನೇ ನಗುತ್ತಿದ್ದಳು. ಈ ಮದುವೆ ಆಗಬೇಕೆಂದು ಅವಳು ಬಾಯಿ ಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಎರಡನೇ ಸಲ ಮಾತುಕತೆಗೆಂದು ಬಂದಾಗ ಹುಡುಗನ ಅಪ್ಪ ಕೈತೊಳೆಯಲು ಹಿತ್ತಿಲಿಗೆ ಹೋದರು. ಕೈ ಒರೆಸಿಕೊಳ್ಳದೆ ಹಾಗೇ ವಾಪಸು ಬಂದರು. ಊರಲ್ಲಿ ಎಲ್ಲರೂ ಸಾವ್ಕಾರ್ರೆ ಎನ್ನುತ್ತಿದ್ದ ಮನುಷ್ಯ. ಆ ಮರ್ಯಾದೆ ಅವರ ಹೊಟ್ಟೆಯ ಮೇಲೆ ಕಾಣುತ್ತಿತ್ತು.

"ಆ ಗುಂಡಿನ ಕೆಳಗಿನ ಕೋಣಿ ಏನ್ರಿ ಅದು?"

"ಬಾಣಂತಿ ಕೋಣಿ ಸಾವ್ಕಾರ್ರೆ," ಎಂದ ಅಪ್ಪ, ಹೆಮ್ಮೆಯಿಂದ.

ಅವರ ಮುಖ ಇಳಿಯಿತು. ಚೊಚ್ಚಲ ಹೆರಿಗೆ ತವರುಮನೆಯಲ್ಲಿ ಆಗಬೇಕು, ಅದು ನಮ್ಮ ಕಡೆಯ ಪದ್ಧತಿ. "ಅಂದ್ರ ನಮ್ಮ ಮೊಮ್ಮಗ ಆ ಗುಂಡಿನ ಕೆಳಗ ಹುಟ್ಟಬೇಕೇನ್ರಿ? ನೆಲ ಸರೀಲಿಕತ್ತೈತಿ ಅಂತ ನಿಮ್ಮ ಟೀಚರಮ್ಮನ ಹೇಳ್ಯಾಳ. ನಮ್ಮ ತಮ್ಮನ ಮಗಳು ಆಕೀ ಕ್ಲಾಸಿನಾಗ ಅದಾಳ. ರೊಟ್ಟಿ ಇಟ್ಟು ತೋರಿಸ್ಯಾಳಂತ. ನೆಲ ಸರದ್ರ ಗುಂಡು ನಿಲ್ಲತೈತೇನು?"

ಇಡೀ ಜಿಲ್ಲೆಯಲ್ಲಿ ನನ್ನ ಪಾಠವನ್ನು ನಂಬಿದ ಮೊದಲ ದೊಡ್ಡ ಮನುಷ್ಯ ಅವರು. ನಂಬಿದ್ದು ಹೀಗೆ.

ನಾನು ನಡುಮನೆಗೆ ಬಂದು ಬಿಡಿಸಿ ಹೇಳಿದೆ. ಸರಿಯುವುದು ಇಡೀ ದೇಶ, ನಮ್ಮ ಗುಡ್ಡವೊಂದೇ ಅಲ್ಲ. ಬಸ್ಸಿನಲ್ಲಿ ಕುಳಿತವರ ಮಡಿಲ ಬುಟ್ಟಿ ಬಸ್ಸಿನ ಜೊತೆಗೇ ಹೋಗುತ್ತದಲ್ಲ, ಹಾಗೆ. ಗುದ್ದಿ ನಡುಗುವುದು ಚಪ್ಪಡಿಯ ಅಂಚಿನಲ್ಲಿ, ನಾವಿರುವುದು ನಡುವೆ. ಈ ಕಲ್ಲು ಇನ್ನೂರೈವತ್ತು ಕೋಟಿ ವರ್ಷದಷ್ಟು ಹಳೆಯದು. ಇದು ಮೇಲಿಂದ ಉರುಳಿ ಬಂದು ನಿಂತದ್ದೂ ಅಲ್ಲ. ನೆಲದೊಳಗಿದ್ದಾಗಲೇ ಸೀಳುಗಳಲ್ಲಿ ನೀರಿಳಿದು ಮೂಲೆಗಳು ಕೊಳೆತು, ಸುತ್ತಲಿನ ಪುಡಿ ಮಳೆಗೆ ಕೊಚ್ಚಿಹೋಗಿ, ತಿರುಳು ಮಾತ್ರ ಇದ್ದಲ್ಲೇ ಉಳಿದಿದೆ. ಅದರ ಬುಡ ಅದೇ ಹಾಸುಗಲ್ಲು.

ಸಾವ್ಕಾರರು ಪೂರ್ತಿ ಕೇಳಿದರು. ಕೇಳಿ, "ಹಂಗಾದ್ರ ನಮ್ಮ ಸಿರುಗುಪ್ಪನೂ ಸರೀತೈತೇನು?" ಎಂದರು.

"ಹೌದ್ರಿ, ಎಲ್ಲಾ ಸರೀತೈತಿ."

ಅವರು ಅಪ್ಪನ ಕಡೆ ತಿರುಗಿ ನಕ್ಕರು. "ನಮ್ಮದು ಎರಿ ಭೂಮಿ. ಮುತ್ತಾತನ ಕಾಲದಿಂದ ಅಲ್ಲೇ ಐತಿ. ಗುಂಡು ತಗಸ್ರಿ, ಮುಂದಿನ ಮಾತು ಆಡೂಣು."

ಅಪ್ಪ ಕೋಲೆ ಬಸವನ ಹಾಗೆ ತಲೆಯಾಡಿಸಿದ. ನನಗೆ ಮೈಯೆಲ್ಲ ಉರಿಯಿತು. ಅವರು ಹೋದ ಮೇಲೆ ನಾನು ಬಾಯಿ ತೆಗೆಯುವಷ್ಟರಲ್ಲೇ ಅಪ್ಪ, "ಸಾಲಿ ಪಾಠ ಸಾಲ್ಯಾಗ ಹೇಳು. ಇಲ್ಲಿ ನಾನು ಹೆಣ್ಣು ಹೆತ್ತಾಂವ" ಎಂದ. ತಂಗಿ ಒಲೆಯ ಮುಂದೆ ಕುಳಿತಿದ್ದಳು. ನನ್ನನ್ನು ನೋಡಿದ ಅವಳ ಕಣ್ಣಲ್ಲಿ ಸುಮ್ಮನಿರು ಎಂಬ ಬೇಡಿಕೆಯಿತ್ತು. ಅವಳಿಗಾಗಿ ಸುಮ್ಮನಾದೆ.

ಕೌಲ್ ಬಜಾರದ ಆಚೆಯಿಂದ ಕಲ್ಲು ಒಡೆಯುವವರನ್ನು ಕರೆತಂದರು. ಅವರ ಮೇಸ್ತ್ರಿ ಗುಂಡಿನ ಸುತ್ತ ಒಂದು ಸುತ್ತು ಹಾಕಿ, ಬೀಡಿ ಹಚ್ಚಿ, "ಬದನಿಕಾಯಿ ಸೀಳಿದಂಗ ಎರಡು ಹೋಳು ಮಾಡ್ತೀನ್ರಿ. ಹೋಳು ಅಲ್ಲೇ ಕುಂದರತಾವು. ಆಮ್ಯಾಲೆ ಚೂರು ಮಾಡಿ ಇಳಸೂದು" ಎಂದ. ಸಾಲಾಗಿ ತೂತು ಕೊರೆದರು, ಕಬ್ಬಿಣದ ಬೆಣೆಗಳನ್ನು ಬಡಿದರು. ಅವ್ವ ಮೊದಲು ತೆಂಗಿನಕಾಯಿ ಒಡೆದು, ತಪ್ಪಾಯಿತು ಎಂದು ಕಲ್ಲಿಗೆ ಕೈಮುಗಿದಳು. ಆ ಮನೆಯಲ್ಲಿ ಅವತ್ತು ಬುದ್ಧಿ ಇದ್ದ ಕೆಲಸವೆಂದರೆ ಅದೊಂದೇ.

ಗುಂಡು ಬದನೆಕಾಯಿಯಂತೆಯೇ ಸೀಳಿತು, ಮೇಸ್ತ್ರಿಯ ಮಾತು ಅಷ್ಟರಮಟ್ಟಿಗೆ ನಿಜವಾಯಿತು. ಒಂದು ಹೋಳು ಅಲ್ಲೇ ಕುಳಿತುಕೊಂಡಿತು. ಇನ್ನೊಂದು, ಇಷ್ಟು ಯುಗ ತನ್ನ ಜೊತೆ ಹುಟ್ಟಿದ್ದರ ಆಸರೆಯಲ್ಲಿ ಇದ್ದದ್ದು, ಮೆಲ್ಲಗೆ ಮಗ್ಗುಲಾಗಿ, ಇಳಿಜಾರು ಹಿಡಿದು, ಹಿತ್ತಿಲ ನುಗ್ಗೆ ಮರವನ್ನು ಮುರಿದು ಬಾಣಂತಿ ಕೋಣೆಯೊಳಗೆ ಹೋಯಿತು. ಎಲ್ಲರೂ ಬೀದಿಯಲ್ಲಿದ್ದೆವು, ಜೀವಕ್ಕೇನೂ ಆಗಲಿಲ್ಲ. ಧೂಳಿಳಿದಾಗ ಮಾಳಿಗೆ ಇರಲಿಲ್ಲ, ಮೂರು ಗೋಡೆ ಇರಲಿಲ್ಲ, ತೊಟ್ಟಿಲ ಕೊಂಡಿಯಿದ್ದ ತೊಲೆ ಎರಡು ತುಂಡಾಗಿತ್ತು. ಬೀಳಬಾರದೆಂದು ತೆಗೆಯಲು ಹೋಗಿ ಬೀಳಿಸಿದ್ದರು. ಭೂಮಿ ಮಾಡದ ಕೆಲಸವನ್ನು ಬೀಗತನ ಮಾಡಿತು. ಅಪ್ಪ ಆ ಹೋಳಿನ ಮೇಲೆ ಕೈಯಿಟ್ಟು ನಿಂತು, "ಹೋಗ್ಲಿ, ಗುಂಡಂತೂ ಹೋತು" ಎಂದ. ಅವನ ದನಿ ಕೇಳಿ ನನಗೆ ಬೈಯುವ ಮನಸ್ಸೂ ಆಗಲಿಲ್ಲ.

ಮುಂದಿನದು ಹುಡುಗನ ಮನೆ ನೋಡುವ ಶಾಸ್ತ್ರ. ಏಪ್ರಿಲ್ ಬಿಸಿಲು. ದೊಡ್ಡವರೆಂದು ಕುರುಗೋಡಿನಿಂದ ಅತ್ತೆಯನ್ನು, ಅಂದರೆ ಅಪ್ಪನ ಅಕ್ಕನನ್ನು, ಕರೆದುಕೊಂಡು ಅಪ್ಪ ಮತ್ತು ನಾನು ಸಿರುಗುಪ್ಪದ ಬಸ್ಸು ಹತ್ತಿದೆವು. ಅತ್ತೆ ಅಲ್ಲಿನ ಗುಡ್ಡದ ಸಂದಿಯಲ್ಲಿ ಸಂಸಾರ ಮಾಡಿದವಳು. ಕಲ್ಲುಗಳ ನಡುವೆ ಬೆಳೆದವರ ಮಾತು ಸ್ವಲ್ಪ ಗಟ್ಟಿಯಾಗಿಯೇ ಇರುತ್ತದೆ. ದಾರಿಯಲ್ಲಿ ಗುಡ್ಡಗಳು ಹಿಂದೆ ಬಿದ್ದು ಕಪ್ಪು ನೆಲ ಶುರುವಾಯಿತು. ಭತ್ತ ಕೊಯ್ದ ಗದ್ದೆಗಳು ಒಣಗಿ ಬಾಯಿ ಬಿಟ್ಟಿದ್ದವು. ಒಂದೊಂದು ಬಿರುಕಿನಲ್ಲಿ ಕೋಳಿಮರಿ ಬಿದ್ದರೆ ಹುಡುಕುವುದು ಕಷ್ಟ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ನಮ್ಮ ಜಿಲ್ಲೆಯಲ್ಲಿ ಕಣ್ಣಿಗೆ ಕಾಣುವ ಹಾಗೆ ವರ್ಷ ವರ್ಷ ಅಲುಗಾಡುವ ನೆಲ ಯಾವುದಾದರೂ ಇದ್ದರೆ ಅದು ಇದೇ.

ಮನೆ ದೊಡ್ಡದೇ. ಹಸಿರು ಬಣ್ಣ, ಮೊಸಾಯಿಕ್ ನೆಲ. ಒಳಗೆ ಕಾಲಿಟ್ಟರೆ ಗೋಡೆ ತುಂಬ ದೇವರು. ಕ್ಯಾಲೆಂಡರುಗಳು, ಪಟಗಳು, ಒಂದು ಮೊಳಕಾಲ ಮಟ್ಟದಲ್ಲಿ, ಇನ್ನೊಂದು ಅದಕ್ಕಿಂತ ಮೇಲೆ, ಮತ್ತೊಂದು ಸೂರಿನ ಹತ್ತಿರ, ಓರೆಯಾಗಿ ಏಣಿ ಹತ್ತಿದ ಹಾಗೆ. ಅತ್ತೆಗೆ ಭಕ್ತಿ ಜಾಸ್ತಿ. ಕೆಳಗಿದ್ದ ಶಿವನ ಪಟವನ್ನು ಕಣ್ಣಿಗೊತ್ತಿಕೊಳ್ಳಲು ಎತ್ತಿದಳು. ಹಿಂದೆ ಅಂಗೈ ಹೋಗುವಂಥ ಬಿರುಕು. ಆಚೆಯ ಕೋಣೆಯಲ್ಲಿ ಒಬ್ಬ ಹೆಣ್ಣುಮಗಳು ಅಕ್ಕಿ ಆರಿಸುತ್ತಿದ್ದುದು ಕಾಣಿಸಿತು.

"ಅಯ್ಯ ನಮ್ಮಪ್ಪ," ಎಂದಳು ಅತ್ತೆ, "ದೇವರ ಹಿಂದ ಇಷ್ಟು ದೊಡ್ಡ ಕಿಡಕಿ ಇಟ್ಟೀರಲ್ರಿ!"

ಸಾವ್ಕಾರರು ಚೂರೂ ಅಳುಕಲಿಲ್ಲ. "ಅದು ಬ್ಯಾಸಗಿ ಬಿರುಕ್ರಿ ಯವ್ವ. ಮಳಿ ಬಂದ್ರ ತಾನ ಕೂಡತೈತಿ. ಬಾಗಲಾ ಈಗ ಹಾಕಾಕ ಬರಂಗಿಲ್ಲ, ಶ್ರಾವಣದಾಗ ತೆಗಿಯಾಕ ಬರಂಗಿಲ್ಲ. ನಮಗ ರೂಢಿ ಐತಿ."

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸುವವರನ್ನು ಗಾದೆಯಲ್ಲಿ ಕೇಳಿದ್ದೆ, ಅವತ್ತು ಅಂಥವರ ಎದುರಿಗೇ ಕುಳಿತು ಚಹಾ ಕುಡಿದೆ. ನಾನು ಸುಮ್ಮನಿರುವ ವ್ರತ ಮರೆತೆ. "ನಮ್ಮ ಗುಂಡು ಎಂದೂ ಅಲುಗಾಡಿದ್ದಿಲ್ರಿ. ನಿಮ್ಮ ಮನಿ ವರ್ಷಕ್ಕ ಎರಡು ಸಲ ಅಲುಗಾಡತೈತಿ. ಅಂಜಬೇಕಾದವರು ನಾವು" ಎಂದೆ.

ಅಪ್ಪ ನನ್ನ ಮೊಣಕೈ ಹಿಡಿದ. ಸಾವ್ಕಾರರು ಕಪ್ಪು ಕೆಳಗಿಟ್ಟು, ನನ್ನನ್ನು ಲೆಕ್ಕಕ್ಕೇ ಇಡದೆ ಅಪ್ಪನನ್ನು ಕೇಳಿದರು: "ಅದಿರ್ಲಿ. ನಿಮ್ಮ ಬಾಣಂತಿ ಕೋಣಿ ಬಿದ್ದೈತಂತಲ್ರಿ? ಕೋಣಿ ಇಲ್ಲದ ಮನಿಗೆ ಸೊಸೀನ್ನ ಹೆರಿಗಿಗೆ ಹೆಂಗ ಕಳಸೂದು?"

ಇದನ್ನು ಅವರು ನಗೆಚಾಟಿಕೆಗೆ ಹೇಳಲಿಲ್ಲ. ನಿಜವಾಗಿ ಚಿಂತೆಯಿಂದಲೇ ಕೇಳಿದರು, ಅದೇ ನನಗೆ ಇಂದಿಗೂ ಸಹಿಸಲಾಗದ ಮಾತು. ಹುಡುಗ ಅಲ್ಲೇ ಕಂಬಕ್ಕೊರಗಿ ನಿಂತಿದ್ದ. ಬಿ.ಎಸ್ಸಿ. ಓದಿದವನು, ಎರೆ ಮಣ್ಣಿನ ಸ್ವಭಾವ ಗೊತ್ತಿಲ್ಲದವನೇನಲ್ಲ. ನಾನು ಅವನನ್ನೇ ನೋಡಿದೆ. ಅವನು ಅತ್ತೆ ಎತ್ತಿದ ಪಟವನ್ನು ತೆಗೆದುಕೊಂಡು ಇದ್ದ ಮೊಳೆಗೆ ವಾಪಸು ಹಾಕಿ, ಓರೆಯಾಗಿದೆಯೇ ಎಂದು ನೋಡಿ ನೇರ ಮಾಡಿದ. ಅಪ್ಪ, ಮದುವೆಗೆ ಮೊದಲೇ ಹೊಸ ಕೋಣೆ ಕಟ್ಟಿಸುವುದಾಗಿ ಒಪ್ಪಿಕೊಂಡ.

ಬಸ್ಸಿನಲ್ಲಿ ಅತ್ತೆ ಕುರುಗೋಡಿನವರೆಗೂ ಬೈದಳು, ಅಪ್ಪ ಕಿಟಕಿಯಾಚೆ ನೋಡುತ್ತ ಕುಳಿತ. ಮನೆಗೆ ಬಂದಾಗ ತಂಗಿ ಬಾಗಿಲಲ್ಲೇ ಇದ್ದಳು. ನೀರು ಕೊಟ್ಟಳು. ಅಪ್ಪ, "ಎಲ್ಲಾ ಚಲೋ ಆತವ್ವ, ಮಾತು ಗಟ್ಟಿ ಆತು" ಎಂದ. ಅವಳು ನನ್ನ ಮುಖ ನೋಡಿದಳು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಬಿರುಕು, ಪಟಗಳು, ಕೋಣೆಯ ಮಾತು. ಸಂಬಂಧ ಕೆಡಿಸುತ್ತಿದ್ದೇನೆಂದು ಅವ್ವ ನಡುವೆ ತಡೆಯಲು ನೋಡಿದಳು. ತಂಗಿಯ ಮುಖದಲ್ಲಿ ಯಾವುದಕ್ಕೂ ಬದಲಾವಣೆ ಕಾಣಲಿಲ್ಲ. ಬಿರುಕು ಬಿಟ್ಟ ಗೋಡೆಗಳ ನಡುವೆ ಬಾಳಲು ಅವಳು ತಯಾರಿದ್ದಳು ಅನ್ನಿಸುತ್ತದೆ.

"ಅಕ್ಕ, ಅವರು ಅಲ್ಲೇ ಇದ್ದರೇನು? ಅವರಪ್ಪ ಕೋಣಿ ಮಾತು ತೆಗದಾಗ?"

"ಇದ್ದ."

"ಏನಂದ್ರು?"

"ಏನೂ ಅನಲಿಲ್ಲ."

ಅವಳು ಹಿತ್ತಿಲ ಕಡೆ ತಿರುಗಿದಳು. ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡಳು. ಆಮೇಲೆ ಅಪ್ಪನ ಕೈಯಿಂದ ಖಾಲಿ ತಂಬಿಗೆ ಇಸಿದುಕೊಂಡಳು.

"ಬ್ಯಾಡ ಅಂತ ಹೇಳಿ ಕಳಸ್ರಿ ಅಪ್ಪ. ಅವರಪ್ಪ ಗುಂಡಿಗೆ ಅಂಜಿದ್ರು. ಇವರು ಅವರಪ್ಪಗ ಅಂಜತಾರ. ಗುಂಡನ್ನಾದ್ರ ಒಡಸಾಕ ಬಂತು."