ಸಿದ್ದಕ್ಕ ಟೀಚರ ಎಣ್ಣೆಯಿಲ್ಲದ ಗಾಡಿ

ನನಗೆ ಸಿಟ್ಟು ಬೇಗ ಬರುತ್ತದೆ, ಒಪ್ಪುತ್ತೇನೆ. ಆದರೆ ಸಿದ್ದಕ್ಕ ಟೀಚರ ಗಾಡಿಯ ವಿಷಯದಲ್ಲಿ ಬಂದ ಸಿಟ್ಟು ಸುಮ್ಮನೆ ಬಂದದ್ದಲ್ಲ. ಒಬ್ಬ ಹೆಣ್ಣುಮಗಳು ಕಷ್ಟಪಟ್ಟು ಕೊಂಡ ಗಾಡಿಯನ್ನು ಬಳಗದವರೆಲ್ಲ ಊರ ಗಾಡಿ ಮಾಡಿಕೊಂಡರೆ ಯಾರಿಗಾದರೂ ಮೈ ಉರಿಯುತ್ತದೆ.

ಸಿದ್ದಕ್ಕ ನಮ್ಮ ಹೈಸ್ಕೂಲಿನ ಗಣಿತದ ಟೀಚರ್. ಹಿಪ್ಪರಗಿಯ ಕುರುಬರ ಮನೆಯ ಮಗಳು, ಈಗ ಇರುವುದು ಜಮಖಂಡಿಯಲ್ಲಿ. ಅವರ ತಂದೆ ಹುಲೆಪ್ಪ ಶಾಲೆಯ ಮೆಟ್ಟಿಲು ಹತ್ತಿದವರಲ್ಲ; ಮಗಳಿಗೆ ಎಣಿಕೆ ಕಲಿಸಿದ್ದು ಕುರಿಹಟ್ಟಿಯಲ್ಲಿ. ಬೆಳಿಗ್ಗೆ ಬಿಡುವಾಗ ಎಣಿಸಿದ್ದನ್ನು ನಂಬಬೇಡ, ಸಂಜೆ ತಿರುಗಿ ಬಂದದ್ದನ್ನು ಎಣಿಸು ಎನ್ನುತ್ತಿದ್ದರಂತೆ. ಆ ಮಾತನ್ನು ಟೀಚರು ಮಕ್ಕಳಿಗೂ ಹೇಳುತ್ತಾರೆ.

ನಮ್ಮ ಶಾಲೆ ಇರುವುದು ಲೋಕಾಪುರದ ಈಚೆಯ ಒಂದು ಹಳ್ಳಿಯಲ್ಲಿ. ಹೋಗಿಬರಲು ಎಂಬತ್ತು ಕಿಲೋಮೀಟರ್. ಬಸ್ಸಿನಲ್ಲಿ ನಿಂತು ನಿಂತು ಕಾಲು ಊದಿದ ಮೇಲೆ ಟೀಚರು ನಲವತ್ತು ದಾಟಿದ ವಯಸ್ಸಿನಲ್ಲಿ ಗಾಡಿ ಕಲಿತರು. ಕಲಿತು ಕೊಂಡದ್ದೂ ದೊಡ್ಡ ಕಾರನ್ನೇ. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರ್ ಎದುರಿಗೆ ಬಂದರೆ ಡಾಂಬರು ಬಿಟ್ಟು ಕೆಳಗಿಳಿಯಲೇಬೇಕು, ಸಣ್ಣ ಗಾಡಿಗೆ ಹೊಟ್ಟೆ ತಾಗುತ್ತದೆ ಎಂಬುದು ಅವರ ವಾದ. ಆ ಪೆಟ್ರೋಲ್ ಗಾಡಿಯಲ್ಲಿ ನಾವು ಮೂವರು ಸಹೋದ್ಯೋಗಿಗಳೂ ಹೋಗಿಬರುತ್ತಿದ್ದೆವು. ತಿಂಗಳ ಒಂದನೇ ತಾರೀಖಿಗೆ ತಲಾ ಎರಡು ಸಾವಿರ ಪೆಟ್ರೋಲಿಗೆಂದು ಕೊಡುತ್ತಿದ್ದೆವು.

ರವಿವಾರ ಗಾಡಿ ಬಳಗದ ಪಾಲು. ಗಾಡಿ ನಿಮ್ಮದು, ಎಣ್ಣೆ ನಮ್ಮದು: ನಮ್ಮ ಕಡೆ ಇದು ಯಾರೂ ಬರೆದಿಡದ ಕಾಯ್ದೆ. ಒಯ್ದವರು ಟಾಕಿ ತುಂಬಿಸಿ ತಂದು ನಿಲ್ಲಿಸುತ್ತಿದ್ದರು. ಟೀಚರ ದೊಡ್ಡಪ್ಪನ ಮಗ, ಹಿಪ್ಪರಗಿಯ ಅಮಸಿದ್ದಪ್ಪನಂತೂ ಐವತ್ತು ಕಿಲೋಮೀಟರ್ ಓಡಿಸಿ ನೂರಕ್ಕಾಗುವಷ್ಟು ಎಣ್ಣೆ ಹಾಕಿಸುತ್ತಿದ್ದ.

ಒಂಬತ್ತು ವರ್ಷಕ್ಕೆ ಆ ಗಾಡಿಯ ಎಂಜಿನ್ ಕೈಕೊಟ್ಟಿತು. ಹೊಸದು ಪೆಟ್ರೋಲಿನದೋ ಕರೆಂಟಿನದೋ ಎಂಬ ಪ್ರಶ್ನೆ ಬಂದಾಗ ಟೀಚರು ಹದಿನೈದು ದಿನ ಕೂತು ಎಂಟು ವರ್ಷದ ಲೆಕ್ಕ ಹಾಕಿದರು. ಶೋರೂಮಿನವನು ಕೊಟ್ಟ ಕಾಗದದಲ್ಲಿ ಬರೀ ಲಾಭವೇ ಇತ್ತು. ಇವರು ವಿಮೆಯ ಕಂತು ಹೆಚ್ಚು, ಗಾಡಿ ಭಾರವಾದ್ದರಿಂದ ಟೈರು ಬೇಗ ಸವೆಯುತ್ತದೆ, ಮಾರುವಾಗ ಎಷ್ಟು ಸಿಗುತ್ತದೋ ಗೊತ್ತಿಲ್ಲ ಎಂಬುದನ್ನೆಲ್ಲ ಹಿಡಿದರು. ಆಯಿಲ್, ಕ್ಲಚ್‌ಪ್ಲೇಟಿನ ಖರ್ಚು ಕಳೆದರು. ಪೆಟ್ರೋಲಿಗಾದರೆ ತಿಂಗಳಿಗೆ ಹದಿನಾಲ್ಕು ಸಾವಿರ. ಕರೆಂಟಿನ ಗಾಡಿಯಿಂದ ಹನ್ನೊಂದು ಸಾವಿರ ಉಳಿಯುತ್ತದೆ. ಮೊದಲಿಗೆ ಹೆಚ್ಚು ಸುರಿಯುವ ನಾಲ್ಕೂವರೆ ಲಕ್ಷ ಮೂರೂವರೆ ವರ್ಷದಲ್ಲಿ ವಾಪಸು. ಅಷ್ಟೊತ್ತಿಗೆ ಮಗಳು ಶೀತಲ್ ಪಿಯುಸಿ ಮುಗಿಸುತ್ತಾಳೆ, ಅಲ್ಲಿಂದ ಆ ಹನ್ನೊಂದು ಸಾವಿರ ಅವಳ ನರ್ಸಿಂಗ್ ಕಾಲೇಜಿನ ಫೀಗೆ. ಗಂಡನ ಪಗಾರವೆಲ್ಲ ಮನೆಯ ಕಂತಿಗೇ ಹೋಗುವುದರಿಂದ ಬೇರೆ ದಾರಿ ಇರಲಿಲ್ಲ.

ಗಾಡಿ ಬಂತು. ಬೀರದೇವರ ಭಂಡಾರ ಹಚ್ಚಿಸಿಕೊಂಡು ನಿಂತಿತು. ಮುಂದಿನ ರವಿವಾರದಿಂದಲೇ ಬಳಗ ಬಂತು, ಮೊದಲಿಗಿಂತ ಹೆಚ್ಚಾಗಿ. ಬೀಳಗಿಗೆ ಹೆಣ್ಣು ನೋಡಲು, ಬನಹಟ್ಟಿಗೆ ಸೀರೆ ತರಲು, ದೇವರಿಗೆ, ದಿಂಡರಿಗೆ. ಸೀಟಿನ ಮೇಲೆ ಭಂಡಾರದ ಅರಿಸಿನ ಬಿದ್ದಿರುತ್ತಿತ್ತು, ಬ್ಯಾಟರಿ ತಳಕ್ಕೆ ಮುಟ್ಟಿರುತ್ತಿತ್ತು. ಎಣ್ಣೆಯೇ ಇಲ್ಲದ ಗಾಡಿಗೆ ಎಣ್ಣೆ ಹಾಕಿಸುವುದೆಲ್ಲಿ ಬಂತು? ಟಾಕಿ ತುಂಬಿಸಿ ಕೊಡುತ್ತಿದ್ದ ಅದೇ ಜನ ಈಗ ಕೀಲಿಕೈ ಕೊಟ್ಟು ಚಹಾ ಕುಡಿದು ಹೋಗುತ್ತಿದ್ದರು. ಟೀಚರು ಬಾಯಿ ಬಿಡಲಿಲ್ಲ. ನಾನು ಮಾತ್ರ ದಿನಾ ಹಿಂದಿನ ಸೀಟಿನಲ್ಲಿ ಕೂತು ಅವರ ಪರವಾಗಿ ಬೈಯುತ್ತಿದ್ದೆ.

ಕಳೆದ ತಿಂಗಳು ಒಂದು ಸೋಮವಾರ ಮುಧೋಳ ದಾಟುವಷ್ಟರಲ್ಲಿ ಗಾಡಿ ನಿಂತಿತು. ಹಿಂದಿನ ಸಂಜೆ ಅಮಸಿದ್ದಪ್ಪ ತಂದು ನಿಲ್ಲಿಸಿದ್ದ. ಮನೆಯಲ್ಲಿ ಚಾರ್ಜಿಗೆ ಹಾಕಿದ ಸ್ವಲ್ಪ ಹೊತ್ತಿಗೇ ಕರೆಂಟ್ ಹೋಗಿತ್ತು. ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿ, ಚಾರ್ಜಿಂಗ್ ಇರುವ ಹೋಟೆಲಿನಲ್ಲಿ ಕಾದು ಶಾಲೆ ಮುಟ್ಟಿದಾಗ ಹನ್ನೆರಡು. ಅಂದೇ ತಪಾಸಣೆಗೆ ಸಾಹೇಬರು ಬಂದು ಕೂತಿದ್ದರು. ಮುಖ್ಯೋಪಾಧ್ಯಾಯರ ಚಾರ್ಜು ಟೀಚರ ಕೈಯಲ್ಲಿದ್ದುದರಿಂದ ನೋಟಿಸು ಅವರಿಗೇ ಬಂತು. ಆ ಸಂಜೆ ಅವರು ವರ್ಷದ ಲೆಕ್ಕವನ್ನು ಮತ್ತೆ ಹಾಕಿದರು.

"ಮೂರೂವರಿ ವರ್ಷ ಅಲ್ರಿ ಸರ, ಹತ್ತು ದಾಟತೈತಿ. ಬ್ಯಾಟರಿ ಗ್ಯಾರಂಟಿನ ಎಂಟು ವರ್ಷ," ಎಂದರು. "ನಾನು ಬಿಡೂ ಮುಂದ ಎಣಿಸಿದ್ನಿ, ಬಂದ ಮ್ಯಾಲ ಎಣಿಸಲಿಲ್ಲ."

ಶೀತಲ್‌ಳ ಫೀ ಹೋಯಿತೆಂದು ಅವರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಎಲ್ಲಿ ಸೋರಿತೆಂದು ನಾನೂ ಕೇಳಲಿಲ್ಲ. ಬಳಗದವರೇ ತಿಂದರೆಂದು ನನಗೆ ಖಾತ್ರಿಯಿತ್ತು.

ಮುಂದಿನ ರವಿವಾರ ಉತ್ತರಪತ್ರಿಕೆ ಕೊಡಲು ಅವರ ಮನೆಗೆ ಹೋದೆ. ಅಮಸಿದ್ದಪ್ಪ ಒಂದು ಪೆಂಟೆ ಬೆಲ್ಲ ಹಿಡಿದುಕೊಂಡು ಕೀಲಿಕೈಗೆ ಬಂದಿದ್ದ. ನನಗೆ ತಡೆಯಲಾಗಲಿಲ್ಲ.

"ಬೆಲ್ಲ ಹಾಕಿದ್ರ ಗಾಡಿ ಓಡೂದಿಲ್ರಿ ಅಮಸಿದ್ದಪ್ಪಾರ," ಎಂದೆ. ಅಲ್ಲಿಗೇ ನಿಲ್ಲಿಸಲಿಲ್ಲ. ನೋಟಿಸಿನ ಮಾತು, ಮಗಳ ಫೀಯ ಮಾತು, ಹೆಣ್ಣುಮಗಳ ದುಡಿಮೆ ಪುಕ್ಕಟೆ ತಿನ್ನುವವರ ಮಾತು, ಎಲ್ಲ ಆಡಿದೆ.

ಅವನು ಸಿಟ್ಟಾಗಲಿಲ್ಲ, ಬೆರಗಾದ. ಕರೆಂಟಿಗೆ ಯಾರಾದರೂ ರೊಕ್ಕ ಕೇಳುತ್ತಾರೆಂಬುದೇ ಅವನ ತಲೆಗೆ ಹೊಳೆದಿರಲಿಲ್ಲ. ಅವನ ಹೊಲದ ಪಂಪ್‌ಸೆಟ್ಟಿಗೆ ಬಿಲ್ಲಿಲ್ಲ, ಮನೆಯ ದೀಪಕ್ಕೂ ಬಿಲ್ಲಿಲ್ಲ. ಬಾವಿಯ ನೀರಿಗೆ ದುಡ್ಡು ಕೊಡುವುದೆಂದರೆ ಹೇಗೋ ಹಾಗೆ. ಟೀಚರು ಒಳಗಿನಿಂದ ಕರೆಂಟ್ ಬಿಲ್ಲು ತಂದು ಕೊಟ್ಟರು. ಅವನು ಅದನ್ನು ಎರಡು ಸಲ ಓದಿದ, ಮುಖ ಸಣ್ಣದು ಮಾಡಿಕೊಂಡ, ಒಳಜೇಬಿಗೆ ಕೈ ಹಾಕಿ ನೋಟು ತೆಗೆದ.

"ತಪ್ಪಾತು ತಂಗಿ. ಎಷ್ಟಂತ ನನಗ ತಿಳಿಯೂದಿಲ್ಲ," ಎಂದ. ಆಮೇಲೆ ನನ್ನ ಕಡೆ ತಿರುಗಿದ. "ಈ ಸರ ದಿನಾ ಹತ್ತಿ ಇಳೀತಾರಲ್ಲ, ಅವರೆಷ್ಟ ಕೊಡ್ತಾರ ಹೇಳು. ಅದ ದರ ನನಗೂ ಹಚ್ಚು."

ಅವನು ನನ್ನನ್ನು ಚುಚ್ಚಲು ಕೇಳಲಿಲ್ಲ, ದರ ತಿಳಿಯಲು ಕೇಳಿದ. ಟೀಚರು ಬಿಲ್ಲನ್ನು ಮಡಚುತ್ತ ನಿಂತಿದ್ದರು.

"ಸರ ಏನೂ ಕೊಡಂಗಿಲ್ಲಣ್ಣ. ಪೆಟ್ರೋಲ್ ಇದ್ದಾಗ ಕೊಡ್ತಿದ್ರು."

ಹೌದು. ಮೂವರೂ ನಿಲ್ಲಿಸಿದ್ದೆವು. ಪೆಟ್ರೋಲ್ ಇಲ್ಲವಲ್ಲ, ಇನ್ನೆಂಥ ಪೆಟ್ರೋಲ್ ಪಾಲು ಎಂದು ನಾವೇ ಮಾತಾಡಿಕೊಂಡಿದ್ದೆವು. ತಿಂಗಳಿಗೆ ಆರು ಸಾವಿರ. ರವಿವಾರದ ಬಳಗ ವರ್ಷವಿಡೀ ತಿರುಗಿದರೂ ಅದರ ಕಾಲುಭಾಗ ತಿಂದಿರಲಿಕ್ಕಿಲ್ಲ.

ಅಮಸಿದ್ದಪ್ಪ ಒಂದು ಸಾವಿರವನ್ನು ಬೆಲ್ಲದ ಪಕ್ಕದಲ್ಲಿಟ್ಟು ಕೀಲಿಕೈ ತೆಗೆದುಕೊಳ್ಳದೆ ಹೋದ. ಮರುದಿನ ನಾನು ಗಾಡಿ ಹತ್ತುವ ಮೊದಲೇ ಎರಡು ಸಾವಿರ ಕೊಟ್ಟೆ. ಕರೆಂಟಿಗೆ ಅಷ್ಟು ಬೇಡವೆಂದು ಟೀಚರು ಸಾವಿರದ ನಾಲ್ಕುನೂರು ತಿರುಗಿ ಕೊಟ್ಟರು. ಹಿಂದಿನ ಹದಿಮೂರು ತಿಂಗಳ ಮಾತನ್ನು ಅವರು ಎತ್ತಲಿಲ್ಲ. ಎತ್ತಿ ಬೈದಿದ್ದರೆ ಕೊಟ್ಟು ಮುಗಿಸುತ್ತಿದ್ದೆನೇನೋ. ನಾನಾಗಿಯೇ ಕೊಡಬೇಕೆಂದು ದಿನಾ ಅಂದುಕೊಳ್ಳುತ್ತೇನೆ, ದಿನಾ ಹಿಂದಿನ ಸೀಟಿನಲ್ಲಿ ಸುಮ್ಮನೆ ಕೂತು ಬರುತ್ತೇನೆ.