ರೂಲ್ಫೀನ್ ಹೇಳುತ್ತಿದ್ದ ದಾರಿ

ರೂಲ್ಫೀನ್ ಕೈಗೆ ಕತ್ತರಿ ಬಂದರೆ ಬಾಯಿ ತಾನಾಗಿಯೇ ತೆರೆದುಕೊಳ್ಳುತ್ತಿತ್ತು. ನಮ್ಮ ಹಳ್ಳಿ ಒಸ್ಸೆವೀನಿನಲ್ಲಿ ಅವಳು ಸೈಕಲ್ಲಿನಲ್ಲಿ ಮನೆಮನೆಗೆ ಹೋಗಿ ಕೂದಲು ಕತ್ತರಿಸುತ್ತಿದ್ದಳು. ಕುತ್ತಿಗೆಗೆ ಬಟ್ಟೆ ಸುತ್ತಿ ಕೂರಿಸಿದ ಮೇಲೆ ಯಾರೂ ಎದ್ದು ಹೋಗುವಂತಿಲ್ಲ, ಕೇಳಲೇಬೇಕು. ಯಾರ ಹಸು ಕಾಲುವೆಗೆ ಬಿತ್ತು, ಚರ್ಚಿನಲ್ಲಿ ಯಾರು ಗೊರಕೆ ಹೊಡೆದರು, ಎಲ್ಲ ಬರುತ್ತಿತ್ತು. ಅರ್ಧ ನಿಜ, ಇನ್ನರ್ಧ ಅವಳದೇ ಒಗ್ಗರಣೆ.

ಗಂಡ ಲಾಮರ್ಟ್ ಬಡಗಿ, ಮಾತು ಕಮ್ಮಿ. "ನಮ್ಮನೇಲಿ ಮಾತಿನ ಖರ್ಚೆಲ್ಲ ಅವಳದು. ನಾನು ಬರೀ ಉಳಿತಾಯ" ಎನ್ನುತ್ತಿದ್ದ. ಅವರಿಗೆ ಮಕ್ಕಳಿರಲಿಲ್ಲ. ಭಾನುವಾರ ಕಾಫಿ ಕುಡಿದವರೇ ಇಬ್ಬರೂ ಬೂಟು ಕಟ್ಟಿಕೊಂಡು ಹೊರಡುತ್ತಿದ್ದರು. ಕಾಲುವೆಯ ದಂಡೆ ಹಿಡಿದು, ದೋಣಿ ಬಂದಾಗ ಮೇಲೆತ್ತುವ ಸೇತುವೆ ದಾಟಿ, ಬರ್ಚ್ ಮರಗಳ ಕಾಡು ಹೊಕ್ಕು, ಆಚೆ ಜೌಗು ಬಯಲಿನಲ್ಲಿ ಹಲಗೆ ಹಾಸಿದ ದಾರಿಯಲ್ಲಿ ಕರೀಕೆರೆಯವರೆಗೆ. ಅಲ್ಲಿ ಒಣದ್ರಾಕ್ಷಿ ಬ್ರೆಡ್ಡು ತಿಂದು, ಹೀದರ್ ಪೊದೆಗಳ ನಡುವಿನ ಕುರಿದಾರಿಯಲ್ಲಿ ವಾಪಸು. ನಮ್ಮದು ತಟ್ಟೆಯಂಥ ನೆಲ, ಹತ್ತುವುದಿಲ್ಲ, ಇಳಿಯುವುದಿಲ್ಲ.

"ಈ ಊರಲ್ಲಿ ನಡೆಯೋಕೆ ಬೂಟಿದ್ರೆ ಸಾಕು, ಉಸಿರು ಬೇಡ" ಎಂದು ಲಾಮರ್ಟ್ ತಮಾಷೆ ಮಾಡುತ್ತಿದ್ದ.

ಕೊನೆಗೆ ಅವನಿಗೆ ಕೈಕೊಟ್ಟದ್ದು ಉಸಿರೇ. ಜೀವಮಾನವಿಡೀ ಕುಡಿದ ಮರದ ಧೂಳು ಶ್ವಾಸಕೋಶದಲ್ಲಿ ಕೂತಿದೆ, ಅದನ್ನು ತೆಗೆಯಲಾಗದು ಎಂದರು ಡಾಕ್ಟರು. ಮೊದಲು ಕರೀಕೆರೆ ಬಿಟ್ಟುಹೋಯಿತು. ಮರುವರ್ಷ ಕಾಡಿನ ಅಂಚಿನಲ್ಲೇ ಕೂತು ಬ್ರೆಡ್ಡು ತಿಂದು ಮರಳತೊಡಗಿದರು. ಆಮೇಲೆ ಸೇತುವೆ, ಆಮೇಲೆ ಮನೆ ಮುಂದಿನ ಬೆಂಚು. ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಲಾಮರ್ಟ್ ಮೂಗಿಗೆ ಆಮ್ಲಜನಕದ ನಳಿಗೆ ಸಿಕ್ಕಿಸಿಕೊಂಡು ಕಿಟಕಿ ಪಕ್ಕದ ಕುರ್ಚಿಗೆ ಬಂದು ನಿಂತಿದ್ದ. ಅಲ್ಲಿಂದ ಮುಂದಕ್ಕೆ ದಾರಿ ಇರಲಿಲ್ಲ.

"ನೀನು ಹೋಗಿ ಬಾರೇ" ಎಂದ ಒಂದು ಭಾನುವಾರ. "ನನ್ನ ಜೊತೆ ನಿನ್ನ ಕಾಲೂ ಯಾಕೆ ಕಟ್ಟಿಹಾಕ್ಬೇಕು? ಸುತ್ತಿ ಬಂದು ಏನೇನು ನೋಡಿದೆ ಹೇಳು. ಕೆರೆಗೆ ಕ್ರೌಂಚ ಹಕ್ಕಿಗಳು ಬಂದಿದಾವೋ ನೋಡು."

"ನಿನ್ನ ಒಬ್ಬನ್ನೇ ಬಿಟ್ಟಾ?"

"ನಾನೇನು ಓಡಿಹೋಗ್ತೀನಾ?"

ಅವಳು ಬೂಟು ಕಟ್ಟಿ ಹೊರಟಳು. ಬಂದದ್ದು ನಮ್ಮ ಮನೆಗೆ. ನಮ್ಮ ಮನೆ ಕಾಲುವೆಯ ತಿರುವಿನಾಚೆ, ಓಕ್ ಮರಗಳ ಮರೆಯಲ್ಲಿದೆ. ಅವನ ಕಿಟಕಿಗೆ ಕಾಣುವುದಿಲ್ಲ. ಅಡುಗೆಮನೆಯ ಕುರ್ಚಿಯಲ್ಲಿ ಕುಸಿದು, "ಸೇತುವೆ ಹತ್ರ ಹೋದ್ರೆ ಕಾಲು ಮುಂದೆ ಬರಲ್ಲ ಕಣೇ ಹಿಲ್ಲೆ" ಎಂದಳು. "ನಾನು ಕಾಡಲ್ಲಿದ್ದಾಗ್ಲೇ ಏನಾದ್ರೂ ಆಗ್ಬಿಟ್ರೆ? ಇಲ್ಲೇ ಕೂತಿರ್ತೀನಿ. ಕಾಫಿ ಕೊಡು."

ಕಾಫಿ ಕೊಟ್ಟೆ. ಸುತ್ತಿ ಬರಲು ಹಿಡಿಯುವಷ್ಟು ಹೊತ್ತು ಕೂತಿದ್ದು ಎದ್ದು ಹೋದಳು. ಮುಂದೆ ಪ್ರತಿ ಭಾನುವಾರವೂ ಇದೇ. ಲಾಮರ್ಟನಿಗೆ ಅವಳು ಹೇಳುತ್ತಿದ್ದ ಕತೆಗಳ ತಾಲೀಮು ನನ್ನ ಅಡುಗೆಮನೆಯಲ್ಲೇ ನಡೆಯುತ್ತಿತ್ತು.

"ಇವತ್ತು ಒಂದು ಜಿಂಕೆ ಹಾಕ್ಲಾ?"

"ಹೋದ್ವಾರ ತಾನೇ ಜಿಂಕೆ ಹಾಕಿದ್ದೆ."

"ಹೌದಲ್ವಾ. ಹಾಗಿದ್ರೆ ಮೊಲ ಸಾಕು. ಜೊತೆಗೊಬ್ಬ ಜರ್ಮನಿಯೋನು, ದಾರಿ ತಪ್ಪಿ, ಸಾಕ್ಸ್ ತನಕ ಒದ್ದೆ."

ನಾನು ನಗುತ್ತಿದ್ದೆ, ಅವಳೂ ನಗುತ್ತಿದ್ದಳು. ಹಾಗೆ ನಗುತ್ತಲೇ ಒಮ್ಮೊಮ್ಮೆ ಸ್ಕಾರ್ಫಿನ ಅಂಚನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದಳು.

ಮೇ ತಿಂಗಳಲ್ಲೊಂದು ದಿನ ಅವಳು ಕೆಲಸಕ್ಕೆ ಹೋಗಿದ್ದಾಗ ಲಾಮರ್ಟನಿಗೆ ಬಟಾಣಿ ಸೂಪು ಕೊಡಲು ಹೋದೆ. ಅವನು ಬಾಗಿಲ ಬಳಿಯ ಅವಳ ಬೂಟುಗಳತ್ತ ಗದ್ದ ತೋರಿಸಿದ.

"ನೋಡು, ಎಷ್ಟು ಚೊಕ್ಕ. ಆ ಜೌಗಿನ ಕರೀ ಕೆಸರು ಮೆತ್ತಿಸ್ಕೊಳ್ದೆ ಕೆರೆ ತನಕ ಹೋಗಿ ಬಂದೋರು ಯಾರಿದಾರೆ ಹೇಳು?" ಉಸಿರು ಹಿಡಿಯಲು ತಡೆದು ಮತ್ತೆ ಹೇಳಿದ. "ನಿಮ್ಮನೇಲಿ ಕೂತಿರ್ತಾಳೆ, ಅಲ್ವಾ?"

ನಾನು ಸೂಪಿನ ಪಾತ್ರೆಯ ಮುಚ್ಚಳ ತೆಗೆಯುತ್ತ ನಿಂತೆ.

"ನಂಗೊತ್ತು ಅಂತ ಅವಳಿಗೆ ಹೇಳ್ಬೇಡ. ಆ ಜರ್ಮನಿಯೋನ ಕತೆಗೆ ಎರಡು ದಿನ ನಕ್ಕಿದೀನಿ."

ಹೀಗೆ ಇಬ್ಬರ ಗುಟ್ಟೂ ನನ್ನ ಹತ್ತಿರ ಬಂತು. ಒಬ್ಬರದನ್ನು ಇನ್ನೊಬ್ಬರಿಗೆ ಹೇಳಲಿಲ್ಲ.

ಜೂನ್ ಕೊನೆಯ ಭಾನುವಾರ ಲಾಮರ್ಟ್ ನನ್ನನ್ನು ಕರೆಸಿದ. ಹೋದಾಗ ರೂಲ್ಫೀನ್ ಬೂಟು ಕಟ್ಟುತ್ತಿದ್ದಳು. ಅವನ ತುಟಿ ನೀಲಿಗಟ್ಟಿತ್ತು, ಮಾತು ಒಂದೊಂದೇ ಪದವಾಗಿ ಬರುತ್ತಿತ್ತು.

"ಇವತ್ತು ಹಿಲ್ಲೆ ಇಲ್ಲೇ ಇರ್ತಾಳೆ. ಅವಳ ಅಡುಗೆಮನೆಗೆ ಬೀಗ. ಇವತ್ತು ನಿಜವಾಗ್ಲೂ ಹೋಗಿ ಬಾ."

ರೂಲ್ಫೀನ್ ಬೂಟಿನ ದಾರ ಹಿಡಿದುಕೊಂಡೇ ತಲೆ ಎತ್ತಿದಳು. ಅವಳ ಮುಖ ಕೆಂಪಾಯಿತು.

"ಯಾವಾಗಿಂದ ಗೊತ್ತು ನಿಂಗೆ?"

"ಮೊದಲ ಜಿಂಕೆಯಿಂದ. ನೀನು ವರ್ಣಿಸಿದ ಜಿಂಕೆಗೆ ನಿನ್ನ ಅಣ್ಣಂದೇ ಮುಖ."

"ಕಳ್ಳ!" ಎಂದು ಅವನ ಭುಜಕ್ಕೊಂದು ಗುದ್ದಿದಳು, ಮೆಲ್ಲಗೆ. ಆಮೇಲೆ ಬಗ್ಗಿ ಅವನ ತಲೆಗೂದಲು ಸರಿಮಾಡಿದಳು. "ಹೋಗ್ಲಾ? ನಿಜವಾಗ್ಲೂ?"

"ಕ್ರೌಂಚ ನೋಡ್ಕೊಂಡು ಬಾ. ಇಲ್ದಿದ್ರೆ ಇಲ್ಲ ಅಂತ್ಲೇ ಹೇಳು."

ಅವಳು ಹೋದಳು. ಅವಳ ಫೋನು ಮೇಜಿನ ಮೇಲೆಯೇ ಉಳಿಯಿತು. ಅದು ನನ್ನ ಕಣ್ಣಿಗೆ ಬಿದ್ದದ್ದು ಆಮೇಲೆ. ಲಾಮರ್ಟ್ ಕಿಟಕಿಯಿಂದ ಅವಳನ್ನು ನೋಡುತ್ತಿದ್ದ. ಮರೆಯಾದ ಮೇಲೂ ನೋಡುತ್ತಿದ್ದ. "ಸೇತುವೆ ದಾಟಿರ್ತಾಳೆ ಈಗ" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಕಾಡು" ಎಂದ. ಅದೇ ಕೊನೆಯ ಮಾತು. ಆಮೇಲೆ ಉಸಿರಿಗಾಗಿ ಒದ್ದಾಡತೊಡಗಿದ. ನಾನು ಡಾಕ್ಟರಿಗೆ ಫೋನು ಮಾಡಿ ಬಂದು ಅವನ ಕೈ ಹಿಡಿದುಕೊಂಡೆ. ಡಾಕ್ಟರು ಬರುವಷ್ಟರಲ್ಲಿ ಆ ಕೈ ಸಡಿಲವಾಗಿತ್ತು.

ಅವಳನ್ನು ಹುಡುಕಲು ಯಾರನ್ನಾದರೂ ಕಳಿಸೋಣವೇ ಎಂದರು ಡಾಕ್ಟರು. ಬೇಡ, ಬರುತ್ತಾಳೆ ಎಂದೆ. ಅವರು ತಮ್ಮ ಕೆಲಸ ಮುಗಿಸಿ ಹೋದರು. ನಾನು ಲಾಮರ್ಟನ ಮೂಗಿನ ನಳಿಗೆ ತೆಗೆದು, ಅಂಗಿಯ ಗುಂಡಿ ಹಾಕಿ, ಪಕ್ಕದಲ್ಲೇ ಕೂತೆ.

ಅವಳು ಕಾಲುವೆ ದಂಡೆಯ ಮೇಲೆ ಬಿರಬಿರನೆ ಬರುವುದು ಕಾಣಿಸಿತು. ಮೊಣಕಾಲವರೆಗೂ ಕರೀ ಕೆಸರು. ಒಬ್ಬಳೇ ಇದ್ದರೂ ಕೈ ಆಡುತ್ತಿತ್ತು. ಒಳಗೆ ಬಂದು ಹೇಳಬೇಕಾದ್ದನ್ನು ಅಲ್ಲಿಂದಲೇ ಜೋಡಿಸಿಕೊಳ್ಳುತ್ತಿದ್ದಳು. ನಾನು ಬಾಗಿಲಿಗೆ ಹೋಗುವ ಮೊದಲೇ ಅದನ್ನು ತಳ್ಳಿಕೊಂಡು ಬಂದಳು.

"ಲಾಮರ್ಟ್! ಮರಿ ಇದೆ ಮಾರಾಯ! ಎರಡೂ ಬಂದಿದಾವೆ, ಒಂದು ಮರಿ..."

ನನ್ನ ಮುಖ ನೋಡಿದಳು. ಅವನನ್ನು ನೋಡಿದಳು. ಕೆಸರು ಬೂಟಿನಲ್ಲೇ ಹೋಗಿ ಅವನೆದುರು ನೆಲದ ಮೇಲೆ ಕೂತಳು. ಅವನ ಮೊಣಕಾಲ ಮೇಲೆ ಕೈಯಿಟ್ಟು ಮೊದಲಿಂದ ಹೇಳತೊಡಗಿದಳು. ಸೇತುವೆಯ ಬಣ್ಣ ಬದಲಾಗಿದೆ. ಕಾಡಿನಲ್ಲೊಂದು ದೊಡ್ಡ ಬರ್ಚ್ ಬಿದ್ದಿದೆ, ಹಾರಿ ದಾಟಬೇಕಾಯಿತು. ಹಲಗೆಗಳು ಕೊಳೆತಿವೆ, ನೀನಿದ್ದರೆ ಬೈಯುತ್ತಿದ್ದೆ. ಕೆರೆಯಾಚೆ ಹುಲ್ಲಿನಲ್ಲಿ ಎರಡು ಕ್ರೌಂಚ, ನಡುವೆ ಕಂದುಬಣ್ಣದ ಮರಿ, ಕಾಲೇ ಉದ್ದ, ಎಡವುತ್ತ ನಡೆಯುತ್ತದೆ. ಒಗ್ಗರಣೆ ಒಂದು ಚೂರೂ ಇರಲಿಲ್ಲ. ಹೇಳುವುದು ಮುಗಿದ ಮೇಲೆ ತಲೆಯನ್ನು ಅವನ ಮಡಿಲಿಗಿಟ್ಟಳು. ನಾನು ಹೊರಗೆ ಹೋಗಿ ನಿಂತೆ.

ನಮ್ಮಲ್ಲಿ ಹೆಣ ಹೊರುವುದು ನೆರೆಯವರ ಕರ್ತವ್ಯ. ದಂಡೆಯುದ್ದಕ್ಕೂ ಹೊತ್ತು ಚರ್ಚಿನ ಅಂಗಳದಲ್ಲಿ ಮಣ್ಣು ಮಾಡಿದೆವು. ರೂಲ್ಫೀನ್ ಹಿಂದೆ ನಡೆದುಬಂದಳು.

ಆಮೇಲೆ ಅವಳ ಕತ್ತರಿ ಆಡಿತು, ಬಾಯಿ ಆಡಲಿಲ್ಲ. ಅವಳೆದುರು ತಲೆ ಬಗ್ಗಿಸಿ ಕೂತವರು ಕತೆಗಾಗಿ ಕಾದು ಕಾದು, ತಾವೇ ಮಳೆ ಬಿಸಿಲಿನ ಮಾತೆತ್ತುತ್ತಿದ್ದರು. ಅವಳು "ಹ್ಞೂಂ" ಎನ್ನುತ್ತಿದ್ದಳು. ನಮ್ಮ ಮನೆಗೆ ಬಂದರೂ ಕಾಫಿ ಕುಡಿದು ಲೋಟ ತೊಳೆದಿಟ್ಟು ಹೋಗುತ್ತಿದ್ದಳು. ಒಂದು ಸಲ ಮಾತ್ರ, "ಬೇಕಂತ್ಲೇ ಕಳಿಸಿದ ಕಣೇ ನನ್ನ" ಎಂದಳು. ಅದು ಸಿಟ್ಟೋ ಮತ್ತೇನೋ ತಿಳಿಯಲಿಲ್ಲ.

ಕಳೆದ ಶರತ್ಕಾಲದಲ್ಲಿ ಅವಳೇ ಬಂದು, "ನಡೀತೀಯಾ?" ಎಂದು ಕರೆದಳು. ಹೋದೆವು. ಕಾಡು ಹಳದಿಯಾಗಿತ್ತು. ಕಾಲುದಾರಿ ಮುಗಿದು ಹಲಗೆದಾರಿ ಶುರುವಾಗುವಲ್ಲಿ ಅವಳು ನಿಂತಳು.

"ಹಿಲ್ಲೆ, ಅವನಿಗೆ ನೋವಾಯ್ತಾ?"

"ಇಲ್ಲ" ಎಂದೆ.

"ನಂಗೆ ಕತೆ ಹೇಳ್ಬೇಡ."

ಜೌಗಿನ ಮೇಲೆ ಗಾಳಿ ಬೀಸುತ್ತಿತ್ತು. ಅವಳು ನನ್ನ ಕಡೆ ನೋಡದೆ ಕಾಯುತ್ತಿದ್ದಳು.

"ನೋವಾಯ್ತು" ಎಂದೆ. "ಒದ್ದಾಡ್ದ. ತುಂಬಾ ಹೊತ್ತಲ್ಲ. ನಾನು ಕೈ ಹಿಡ್ಕೊಂಡಿದ್ದೆ."

ತಲೆಯಾಡಿಸಿದಳು. ಆಮೇಲೆ ನನ್ನ ತೋಳು ಹಿಡಿದಳು. ಹಲಗೆಗಳು ಒದ್ದೆಯಾಗಿ ಜಾರುತ್ತಿದ್ದವು. ನಿಧಾನವಾಗಿ ಕೆರೆಯ ಕಡೆ ನಡೆದೆವು.